ಹಳೇ ಡಬ್ಬದೊಳಗೆ ನಾಲ್ಕು ಕಂಪ್ಯೂಟರ್: ಹೆದರಬೇಡಿ, ಕೈ ಹಾಕಿ!

ಕನ್ನಡದ ಹುಡುಗರೇ,

ಕಳೆದ ವರ್ಷ ನಮ್ಮ ಪ್ರೆಸ್ಸಿನ ಹಳೇ ಕಂಪ್ಯೂಟರ್ ಪ್ರಾಣ ಬಿಟ್ಟಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಓಡುವ ಹಳೇ ಕನ್ನಡ ಡಿಟಿಪಿ ತಂತ್ರಾಂಶ ಅದರಲ್ಲಿತ್ತು. ಕರಪತ್ರ, ಲಗ್ನಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ ಎಲ್ಲ ಸೇರಿ ಹದಿನೈದು ವರ್ಷದ ಪುಟಗಳು! ಡಿಸ್ಕ್ ಉಳಿದಿತ್ತು. ಆದರೆ ಅವೆಲ್ಲ ಯೂನಿಕೋಡ್ ಬರುವ ಮುಂಚಿನ ಫಾಂಟುಗಳು. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಎಲ್ಲಾ ಹೊಸದು ತಗೊಳ್ಳಿ ಸಾರ್" ಎಂದ ರಿಪೇರಿಯವನು. ಹೊಸದು ತಗೊಂಡರೆ ಹಳೇ ಪುಟ ಓದುವವರು ಯಾರು ಸ್ವಾಮಿ?

ಕಾಪಾಡಿದ್ದು ನಮ್ಮ ಅಕ್ಕನ ಮಗ. ಕಂಪನಿಯೊಂದರ ಸರ್ವರ್ ಕೋಣೆಯಲ್ಲಿ ರಾತ್ರಿ ಪಾಳಿಯವನು. "ಮಾಮ, ಹೊಸ ಕಂಪ್ಯೂಟರ್ ಒಳಗೇ ಹಳೇದನ್ನ ಕೂರಿಸೋಣ" ಎಂದ.

ಸರ್ವರ್ ವರ್ಚುವಲೈಸೇಶನ್ ಅಂದರೆ ಇಷ್ಟೇ. ಪ್ರೆಸ್ಸಿನಲ್ಲಿ ಒಂದೇ ಮೆಷಿನ್ ಮೇಲೆ ನಾಲ್ಕು ಗಿರಾಕಿಗಳ ಕೆಲಸ ನಡೆಯುವುದಿಲ್ಲವೇ? ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದ ಹಾಗೆ ಫೋರ್‌ಮನ್ ನೋಡಿಕೊಳ್ಳುತ್ತಾನೆ. ಕಂಪ್ಯೂಟರಿನೊಳಗಿನ ಆ ಫೋರ್‌ಮನ್ ಹೆಸರು ಹೈಪರ್‌ವೈಸರ್. ಇದೇನೂ ನಿನ್ನೆಯ ಮಾಯೆಯಲ್ಲ. ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ 1972ರಲ್ಲೇ ಇದನ್ನು ತಂದಿತ್ತು. 2007ರಲ್ಲಿ ಕೆವಿಎಂ ಎಂಬ ಹೈಪರ್‌ವೈಸರ್ ಲಿನಕ್ಸಿನ ಒಳಗೇ ಸೇರಿತು. ಅದನ್ನು ಬಳಸುವ ಪ್ರಾಕ್ಸ್‌ಮಾಕ್ಸ್ 2008ರಲ್ಲಿ ಆಸ್ಟ್ರಿಯಾದ ವಿಯೆನ್ನಾದಿಂದ ಬಂತು. ನಾವು ಹಾಕಿದ್ದು ಅದನ್ನೇ.

ಪಿಯುಸಿ ಓದಿದ ನಾನು ಪಕ್ಕದಲ್ಲಿ ಕೂತು ಕಲಿತೆ. ನೀವೂ ಕಲಿಯಿರಿ.

ಮೊದಲು, 64 ಬಿಟ್ಟಿನ ಕಂಪ್ಯೂಟರ್ ಬೇಕು. ಪ್ರಾಕ್ಸ್‌ಮಾಕ್ಸಿಗೇ 2 ಜಿಬಿ ರ್‍ಯಾಮ್ ಬಿಡಬೇಕು. ಒಳಗೆ ಕೂರಿಸುವ ಯಂತ್ರಗಳದ್ದು ಬೇರೆ. 8 ಜಿಬಿ ಇದ್ದರೆ ನಿರಾಳ. ಬಯಾಸ್‌ಗೆ ಹೋಗಿ ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಆನ್ ಮಾಡಿ. ಬಹಳ ಜನ ಮುಗ್ಗರಿಸುವುದು ಇಲ್ಲೇ.

ಎರಡನೆಯದು, ಐಎಸ್ಒ ಫೈಲ್ ಇಳಿಸಿಕೊಳ್ಳಿ. ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಸಾಲದು, ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. ಎಚ್ಚರ! ನೀವು ಆರಿಸಿದ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಬೇಕಾದ್ದನ್ನು ಮೊದಲೇ ಬೇರೆಡೆ ತೆಗೆದಿಡಿ.

ಮೂರನೆಯದು, ಪೆನ್‌ಡ್ರೈವಿನಿಂದ ಬೂಟ್ ಮಾಡಿ. ದೇಶ, ಪಾಸ್‌ವರ್ಡ್, ಐಪಿ ವಿಳಾಸ ಕೇಳುತ್ತದೆ. ಮನೆಯ ರೌಟರ್ ಬೇರೆ ಯಾರಿಗೂ ಕೊಡದ ವಿಳಾಸ ಹಾಕಿ, ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ಇನ್ನೊಂದು ಕಂಪ್ಯೂಟರಿನ ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಸೇರಿಸಿ ಆ ವಿಳಾಸ ಹೊಡೆದು, ಕೊನೆಗೆ :8006 ಸೇರಿಸಿ. ಬ್ರೌಸರ್ ಹೆದರಿಸುತ್ತದೆ. ವಿಳಾಸ ನಿಮ್ಮದೇ ಎಂದು ನೋಡಿಕೊಂಡು ಮುಂದೆ ಹೋಗಿ. ರೂಟ್ ಹೆಸರಿನಲ್ಲಿ ಒಳಹೊಕ್ಕು, ಐಎಸ್ಒ ಏರಿಸಿ, ಹೊಸ ವಿಎಂ ಮಾಡಿ ರ್‍ಯಾಮ್, ಡಿಸ್ಕ್ ಹಂಚಿ. ಎಕ್ಸ್‌ಪಿಯಂಥ ಮುದುಕನಿಗೆ ಡಿಸ್ಕ್ ಬಗೆ ಐಡಿಇ ಇರಲಿ. ಅವನನ್ನು ಇಂಟರ್ನೆಟ್ಟಿಗೆ ಮಾತ್ರ ಬಿಡಬೇಡಿ. ಮೈಕ್ರೋಸಾಫ್ಟ್ 2014ರಲ್ಲೇ ಅವನ ಕೈಬಿಟ್ಟಿದೆ. ಆಗಾಗ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡಿ.

ನಮ್ಮ ಹಳೇ ಸಿಡಿಗಳಿಂದ ಎಕ್ಸ್‌ಪಿ, ಡಿಟಿಪಿ ಎರಡೂ ಹತ್ತಿದವು. ಮೊದಲ ಪುಟ ತೆರೆದಾಗ ಕನ್ನಡ ಕನ್ನಡವಾಗಿಯೇ ಕಂಡಿತು!

ಇನ್ನೊಂದು ಮಾತು. ಪುಕ್ಕಟೆ ಸಿಕ್ಕಿದ್ದೆಲ್ಲ ನಮ್ಮದಲ್ಲ. 2023ರಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡಿತು. 2024ರಲ್ಲಿ ಅದರ ಪುಕ್ಕಟೆ ಇಎಸ್ಎಕ್ಸ್ಐ ನಿಲ್ಲಿಸಿತು, 2025ರಲ್ಲಿ ಮತ್ತೆ ಕೊಟ್ಟಿತು. ಕೊಡುವುದೂ ಕಿತ್ತುಕೊಳ್ಳುವುದೂ ಧಣಿಯ ಮರ್ಜಿ! ಪ್ರಾಕ್ಸ್‌ಮಾಕ್ಸಿನದು ಮುಕ್ತ ಪರವಾನಗಿ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು, ಹಂಚಬಹುದು.

ಬೆಂಗಳೂರಿನ ಸರ್ವರ್ ಕೋಣೆಗಳಲ್ಲಿ ರಾತ್ರಿಯಿಡೀ ಪರರ ಯಂತ್ರ ಕಾಯುವ ಕನ್ನಡದ ಹುಡುಗರೇ, ನಿಮ್ಮ ಕೈಯಲ್ಲಿರುವ ವಿದ್ಯೆ ಸಣ್ಣದಲ್ಲ. ಭಾನುವಾರ ಒಂದು ಹಳೇ ಡಬ್ಬ ತನ್ನಿ. ನಿಮ್ಮ ಬೀದಿಯ ಪ್ರೆಸ್ಸಿನಲ್ಲೋ ಸಂಘದಲ್ಲೋ ಕೊಳೆಯುತ್ತಿರುವ ಕನ್ನಡದ ಪುಟಗಳನ್ನು ಉಳಿಸಿಕೊಡಿ. ಕಲಿತದ್ದನ್ನು ಪಕ್ಕದವನಿಗೆ ಹೇಳಿಕೊಡಿ, ಕನ್ನಡದಲ್ಲೇ ಹೇಳಿಕೊಡಿ!