ಪಿಲ್ಸ್ನರ್ ಅಂದ್ರೆ ಕುಡಿತ ಅಲ್ಲೇನು?

ಹೋದ ಭಾನುವಾರ ದೋಸೆ ಹುಯ್ತಾ ನಿಂತಿದ್ದೆ. ಬೆಂಗಳೂರಿಂದ ಬಂದಿದ್ದ ಮಗ ಪಕ್ಕದಾಗ ನಿಂತು, "ಅಮ್ಮಾ, ನಿನ್ನ ಹಿಟ್ಟು ಉಬ್ಬಿದಂಗೇ ನೋಡು ಪಿಲ್ಸ್ನರ್ ಆಗೋದು" ಅಂದ. ಅದ್ಯಾವ ತಿಂಡಿನಪ್ಪಾ ಅಂದ್ರೆ, ಬೀರಂತೆ! ಈಗ ಅವನ ಗೆಳೆಯರೆಲ್ಲ ಅದನ್ನೇ ಹುಡುಕ್ಕೊಂಡು ಹೋಗ್ತಾರಂತೆ. ನಮ್ಮ ವಿದ್ಯಾನಗರದ ಓಣಿಯಾಗ ಮನೆಗೊಬ್ಬರು ಬೆಂಗಳೂರಾಗ ಕೆಲಸಕ್ಕಿದ್ದಾರೆ. ಇವತ್ತಲ್ಲ ನಾಳೆ ಈ ಮಾತು ನಿಮ್ಮ ಅಡುಗೆಮನೆಗೂ ಬರ್ತೈತೆ, ಅದಕ್ಕೇ ಬರೀತಿದೀನಿ.

ಬೈಯೋಕೆ ಮುಂಚೆ ಪೂರ್ತಿ ಕೇಳಿದೆ. ಪಿಲ್ಸೆನ್ ಅನ್ನೋದು ಈಗಿನ ಚೆಕ್ ದೇಶದ ಒಂದು ಊರು. ಬೆಣ್ಣೆದೋಸೆಗೆ ನಮ್ಮೂರ ಹೆಸರು ಅಂಟಿಕೊಂಡಂಗೆ ಈ ಬೀರಿಗೆ ಆ ಊರಿನ ಹೆಸರು. 1842ರಾಗ ಯೋಸೆಫ್ ಗ್ರೋಲ್ ಅನ್ನೋನು ಅಲ್ಲಿ ಮೊದಲು ಮಾಡಿದ್ದು. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ, ನೀರು, ಕಹಿಗೆ ಹಾಪ್ಸ್ ಅನ್ನೋ ಹೂವು, ಯೀಸ್ಟು, ಇಷ್ಟೇ. ನಮ್ಮ ಹಿಟ್ಟು ಬೆಚ್ಚಗಿದ್ರೆ ಒಂದೇ ರಾತ್ರಿಗೆ ಉಬ್ಬತೈತೆ. ಇದಕ್ಕೆ ತಂಪು ಬೇಕು, ವಾರಗಟ್ಟಲೆ ಕಾಯಬೇಕು. ತಿಳಿಯಾಗಿ ಬಂಗಾರದ ಬಣ್ಣ ಇರತೈತೆ, ಸ್ವಲ್ಪ ಕೆಟ್ರೂ ರುಚಿಯಾಗ ಗೊತ್ತಾಗಿಬಿಡತೈತೆ. 2010ರಾಗ ಇಂದಿರಾನಗರದಾಗ ಟಾಯ್ಟ್ ಶುರುವಾತು. ಆಮೇಲೆ ಅಲ್ಲೇ ಮಾಡಿ ಅಲ್ಲೇ ಕೊಡೋ ಅಂಥ ಜಾಗ ಬೆಂಗಳೂರಾಗ ಬಾಳ ಆದ್ವು. ಮಾಡೋರ ಕೈಗುಣ ನಾನು ಇಲ್ಲ ಅನ್ನಲ್ಲ.

ಆದ್ರೆ ಅಕ್ಕಾರೆ, ಅವನ ಒಂದು ಮಾತು ಗಂಟಲಾಗ ಸಿಕ್ಕಿಕೊಂಡೈತೆ. "ಇದು ಕುಡಿತ ಅಲ್ಲಮ್ಮ, ಟೇಸ್ಟು" ಅಂದ. ಅದರಾಗೂ ಮಾಮೂಲಿ ಬೀರಿನಂಗೇ ನೂರಕ್ಕೆ ಐದರ ಹತ್ರ ಆಲ್ಕೋಹಾಲು ಇರತೈತೆ. ಅಂದ್ರೆ ಅರ್ಧ ಲೀಟರಿಗೆ ಹೆಚ್ಚುಕಮ್ಮಿ 25 ಎಂ.ಎಲ್. ಹೊಟ್ಟೆಗೆ ಹೋದ ಮೇಲೆ ಅದು ತನ್ನ ಹೆಸರು ಹೇಳಿಕೊಂಡು ಕೂರಲ್ಲ.

2007ರಾಗ ಸರ್ಕಾರ ಸಾರಾಯಿ ನಿಲ್ಲಿಸ್ತು, ಒಳ್ಳೇದಾತು ಅಂದ್ವಿ. 2019ರ ಜನವರಿಯಾಗ ಮದ್ಯ ಬ್ಯಾಡ ಅಂತ ಹೆಣ್ಣುಮಕ್ಕಳು ನಮ್ಮ ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಹೋದ್ರು. ಟಿವಿಯಾಗ ನೋಡಿ ಕಣ್ಣೀರು ಹಾಕಿದ್ದೆ. ಪಾತ್ರೆ ತಿಕ್ಕಾಕೆ ಬರೋಳ ಗಂಡ ಕುಡಿದ್ರೆ "ಕುಡುಕ" ಅಂತೀನಿ, ನನ್ನ ಮಗ ಕುಡಿದ್ರೆ "ಟೇಸ್ಟು" ಅನ್ನಲಾ? ಒಂದೇ ಮನೆಯಾಗ ಎರಡು ತಕ್ಕಡಿ ಇಟ್ಕೊಬಾರದು.

ಹಂಗಂತ ಕೂಗಾಡ್ಲಿಲ್ಲ. ನಮ್ಮಪ್ಪ ಮುಚ್ಚಿಟ್ಟು ಕುಡಿಯೋನು. ನಮ್ಮವ್ವ ಅನ್ನದ ತಪ್ಪಲೆ ಮುಚ್ಚಿಟ್ಟು ಬಾಗಿಲಾಗ ಕಾಯ್ತಾ ಕುಂತಿರೋಳು. ಇವನು ಎದುರಿಗೆ ನಿಂತು ಹೇಳ್ದ; ಬೈದ್ರೆ ಮುಂದಿನ ಸಲ ಸುಳ್ಳು ಹೇಳ್ತಾನೆ. ಅದಕ್ಕೆ ಇಷ್ಟೇ ಅಂದೆ: "ಟೇಸ್ಟಾದ್ರೆ ಒಂದು ಗ್ಲಾಸಿಗೆ ಮುಗೀಬೇಕು. ಮೇಲೆ ಮೇಲೆ ಬೇಕು ಅನ್ನಿಸಿದ್ರೆ ಅದು ಕುಡಿತಾನೇ. ಗ್ಲಾಸ್ ಮುಟ್ಟಿದ ದಿನ ಬೈಕಿನ ಕೀಲಿ ಮುಟ್ಟಬ್ಯಾಡ."

ಆತು ಅಂತ ತಲೆ ಆಡಿಸ್ದ. ನಿಮ್ಮನೆ ಹುಡುಗರನ್ನೂ ಒಂದ್ಸಲ ಕೇಳ್ರಿ. ಬೈಬ್ಯಾಡ್ರಿ, ದೋಸೆ ಹಾಕ್ತಾ ಕೇಳ್ರಿ.