ಕೈಗೆ ತಕ್ಕ ವಾಚು

ಮಗ ಕೊಡಿಸಿದ ಸ್ಮಾರ್ಟ್‌ವಾಚು ಕಟ್ಟಿದಲ್ಲೆಲ್ಲ ಕೆಂಪಾಗಿ ತುರಿಸ್ತಿದೆಯಾ? ತಪ್ಪು ನಿಮ್ಮ ಕೈಯದ್ದಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾದ 1961ರಲ್ಲಿ ವಾಚು ಸಮಯ ತೋರಿಸಿದರೆ ಸಾಕಿತ್ತು, ಸಡಿಲವಿದ್ದರೂ ನಡೀತಿತ್ತು. ಈಗಿನದು ಹಾಗಲ್ಲ. ಅದರ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಹರಿವು ನೋಡಿ ನಾಡಿಬಡಿತ ಎಣಿಸುತ್ತೆ. ಸಡಿಲವಾದರೆ ಲೆಕ್ಕ ತಪ್ಪುತ್ತೆ. ತೀರಾ ಬಿಗಿಯಾದರೆ ಬೆವರು, ಸೋಪು ಸಿಕ್ಕಿಕೊಂಡು ಚರ್ಮ ಕೆರಳುತ್ತೆ.

ಮುರುಗಮಲ್ಲದಿಂದ ಶಿಡ್ಲಘಟ್ಟದವರೆಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ, ಬಿಸಿನೀರಿನಿಂದ ರೇಷ್ಮೆ ಎಳೆ ತೆಗೆಯುವ, ಬಳೆ ತೊಟ್ಟ ಕೈಗಳನ್ನೂ ವಾಚು ಮಾಡುವವರು ನೆನೆಯಬೇಕು. ಅಲ್ಲಿಯವರೆಗೆ ಜಾಣತನ ನಮ್ಮದೇ. ಮಣಿಕಟ್ಟಿನ ಅಗಲ ಮೀರದ, ಹಗುರವಾದ ವಾಚು ಆರಿಸಿ. ಬಳೆ ಕಡಿಮೆಯಿರುವ ಕೈಗೆ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ. 'ವಾಟರ್‌ಪ್ರೂಫ್' ಅಂದರೆ ಬಿಸಿನೀರು, ಸೋಪುನೀರಿಗೂ ಸೈ ಅಂತಲ್ಲ. ಅಂಥ ಕೆಲಸದ ಹೊತ್ತು ಬಿಚ್ಚಿಡಿ. ದಿನಕ್ಕೊಮ್ಮೆ ಪಟ್ಟಿ ಒರೆಸಿ, ಒಣಗಿಸಿ. ತುರಿಕೆ ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಎದೆನೋವು ಬಂದಾಗ ವಾಚು ಸರಿಯಾದ ಅಂಕಿ ತೋರಿಸ್ತಿದೆ ಅಂತ ಸುಮ್ಮನೆ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ. ವಾಚಿಗಿಂತ ಮೊದಲು ನಿಮ್ಮ ಮೈಯ ಮಾತು ಕೇಳಿ.