ಟೈರಿನ ಗಾಳಿಯನ್ನು ಹೊರೆಯೇ ನಿರ್ಧರಿಸಲಿ

ಪಿಕಪ್ ಲಾರಿಯ ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಯೇ ಸರಿಯಾದ ಒತ್ತಡವೆಂದು ಅನೇಕರು ಭಾವಿಸುವರು. ಆದರೆ ಅದು ಟೈರು ಹೊರಬಲ್ಲ ಪರಮಾವಧಿ ಭಾರಕ್ಕೆ ಸಂಬಂಧಿಸಿದ ಅಂಕಿ.

ಹೊರೆಯನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿಯೇ. ಚಕ್ರವೊಂದರ ಮೇಲೆ 900 ಪೌಂಡು ಭಾರವೂ ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡು ಒತ್ತಡವೂ ಇದ್ದರೆ, ನೆಲಕ್ಕೆ ತಾಗುವ ಭಾಗವು ಸ್ಥೂಲವಾಗಿ 30 ಚದರ ಅಂಗುಲ. ಸರಕು ತುಂಬಿ ಭಾರವು 1,500 ಪೌಂಡಾದಾಗ, ಅಷ್ಟೇ ಭಾಗ ತಾಗಬೇಕಾದರೆ 50 ಪೌಂಡು ಒತ್ತಡ ಬೇಕು. ಗಾಳಿ ಸಾಲದಿದ್ದರೆ ಟೈರು ಪ್ರತಿ ಸುತ್ತಿಗೂ ಬಾಗಿ, ಕಾದು, ಕೊನೆಗೆ ಸಿಡಿಯಬಹುದು. ಬರಿಯ ಲಾರಿಯಲ್ಲಿ ಗಾಳಿ ಅತಿಯಾದರೆ ನೆಲದ ಹಿಡಿತ ಕುಗ್ಗುವುದು.

ಆದುದರಿಂದ ತಯಾರಕರು ಹೊರೆಗೆ ತಕ್ಕಂತೆ ಸೂಚಿಸಿದ ಒತ್ತಡವನ್ನೇ, ಹೊರಡುವ ಮುನ್ನ ಟೈರು ತಣ್ಣಗಿರುವಾಗ, ಅಳೆದು ತುಂಬಬೇಕೆಂಬುದು ನಮ್ಮ ಮತ. ಓಡಿ ಕಾದ ಟೈರಿನಲ್ಲಿ ಒತ್ತಡವೇರುವುದು ಸಹಜ. ಅದಕ್ಕೆ ಹೆದರಿ ಗಾಳಿ ಬಿಡುವುದು ಅಪಾಯವನ್ನು ಕರೆದಂತೆಯೇ ಸರಿ.